ಅಗ್ಗಕ್ಕೆ ಬಂದ ದ್ರಾಕ್ಷಿ ತೋಟ

ಷೇರು ಮಾರುಕಟ್ಟೆ ಎಂದರೆ ರಾಜಾನುಕುಂಟೆಯ ಮುನಿವೆಂಕಟಯ್ಯನಿಗೆ ಇಸ್ಪೀಟಿನ ದೊಡ್ಡಣ್ಣ. ಊರಿನ ಅರ್ಧ ಹುಡುಗರು ಮೊಬೈಲಿನಲ್ಲಿ ಷೇರು ಕೊಂಡು ಕುಣಿದಾಗಲೂ ಮೂಗು ಮುರಿದವನು. ಅಂಥವನು ಈ ಸಲ ಮಾರುಕಟ್ಟೆ ದಬದಬ ಬಿದ್ದು ಅದೇ ಹುಡುಗರು ತಲೆಯ ಮೇಲೆ ಕೈಹೊತ್ತು ಕೂತಾಗ, ಇಸ್ತ್ರಿ ಮಾಡಿದ ಬಿಳಿ ಷರಟು ತೊಟ್ಟು ಅಕ್ಕನ ಮಗ ಮಹೇಂದ್ರನ ಮನೆಗೆ ಹೋದ. ಮಹೇಂದ್ರ ಷೇರಿನಲ್ಲಿ ಚೆನ್ನಾಗಿ ಕೈಸುಟ್ಟುಕೊಂಡು, ಆ ಅರ್ಹತೆಯ ಮೇಲೆ ಊರಿಗೆಲ್ಲ ಬುದ್ಧಿ ಹೇಳುತ್ತಿದ್ದ.

“ಆ ಪೈಪ್ ಕಂಪ್ನಿ ಷೇರು ಅರ್ಧಕ್ಕೆ ಇಳಿದೈತಂತಲ್ಲೋ?”

“ಇನ್ನೂ ಇಳೀತದೆ ಮಾವ. ಮುಟ್ಬೇಡ.”

“ಇಳೀಲಿ ಬಿಡ್ಲಾ. ನಮ್ ತೋಟ ಇಷ್ಟ್ ಅಗ್ಗಕ್ಕೆ ಇನ್ಯಾವಾಗ ಸಿಕ್ತದೆ?”

ಪೈಪ್ ಕಂಪನಿ ನಿಂತಿರುವುದು ಮುನಿವೆಂಕಟಯ್ಯನ ಅಪ್ಪ ಬೆಳೆಸಿದ ದ್ರಾಕ್ಷಿ ತೋಟದ ಮೇಲೆ. ಮಾರು ಎಂದು ಯಾರೂ ಇವನ ಕತ್ತು ಹಿಡಿದಿರಲಿಲ್ಲ. ರೇಟು ಕೇಳಿ ಬಾಯಲ್ಲಿ ನೀರು ಬಂತು, ಮಾರಿದ. ಮೂರಂತಸ್ತಿನ ಮನೆ ಕಟ್ಟಿ, ಅರಮನೆಗೂ ಹೆಚ್ಚೆನ್ನಿಸುವ ಗೇಟು ಇಡಿಸಿದ. ಆಮೇಲೆ ಶುರುವಾಯಿತು ಸಂಕಟ. ದಿನಾ ಮೊಪೆಡ್ಡಿನಲ್ಲಿ ಹೋಗಿ ಕಂಪನಿ ಕಾಂಪೌಂಡಿನಾಚೆ ನಿಲ್ಲುತ್ತಿದ್ದ. ಒಮ್ಮೆ ಒಳಗೆ ಬಿಡಿ ಎಂದರೆ ಕಾವಲಿನವನು ಪಾಸು ಕೇಳಿದ. ಅಪ್ಪ ತೋಡಿಸಿದ ಬಾವಿ ನೋಡಲು ಮಗನಿಗೆ ಪಾಸು! ಆ ದಿನ ಮನೆಗೆ ಬಂದವನು ಊಟ ಮಾಡಲಿಲ್ಲ.

ಈಗ ಮಿಕ್ಕಿದ್ದು ಬ್ಯಾಂಕಿನಲ್ಲಿರುವ ಎರಡು ಲಕ್ಷ. ಅದರಲ್ಲಿ ಎರಡು ಹಸು ಕೊಳ್ಳಬೇಕೆಂದು ಹೆಂಡತಿ ಮರಿಯಮ್ಮ ಕೊಟ್ಟಿಗೆ ಕೂಡ ತೊಳೆಸಿಟ್ಟಿದ್ದಳು. ಸುದ್ದಿ ಕಿವಿಗೆ ಬಿದ್ದದ್ದೇ ತಡ, ಗಂಡನ ಹಿಂದೆಯೇ ಓಡಿಬಂದಳು.

“ಷೇರು ಆಲು ಕರೀತದಾ? ಕೇಳು ನಿಮ್ಮಾವನ್ನ!”

ಮಹೇಂದ್ರ ಇಬ್ಬರನ್ನೂ ಕೂರಿಸಿದ. “ಮಾವ, ಷೇರು ತಗೊಂಡ್ರೆ ಜಾಗ ಬರಲ್ಲ. ಎಲ್ಲಾ ಬರೀ ಲೆಕ್ಕದಲ್ಲಿ ಮಾತ್ರ.”

ಅಣ್ಣತಮ್ಮಂದಿರ ಜೊತೆ ಎರಡು ಸಲ ಆಸ್ತಿ ಭಾಗ ಮಾಡಿಕೊಂಡವನಿಗೆ ಈ ಮಾತು ಹಿಡಿಸಲಿಲ್ಲ. ಅವನ ಪ್ರಕಾರ ಕಂಪನಿಯೂ ಒಂದು ಒಟ್ಟು ಕುಟುಂಬ. ದುಡ್ಡು ಹಾಕಿದವನಿಗೆ ಒಂದು ಮೂಲೆ ಬರಲೇಬೇಕು.

“ಆ ಲೆಕ್ಕಾನೇ ಮಾಡು. ನಂಗೆಷ್ಟು ಬರ್ತದೆ? ಬಾವಿ ಮೂಲೆ ಬರ್ತದಾ?”

ಮಹೇಂದ್ರ ಕಾಟ ತಡೆಯಲಾರದೆ ಮೊಬೈಲಿನಲ್ಲಿ ಕೂಡಿ ಕಳೆದು ನಕ್ಕುಬಿಟ್ಟ. “ಎರಡು ಲಕ್ಷಕ್ಕೆ ಒಂದು ಮಂಚ ಹಾಕೋವಷ್ಟು ಜಾಗ, ಮಾವ.”

ಮುನಿವೆಂಕಟಯ್ಯ ನಗಲಿಲ್ಲ. ಅವನ ಕಣ್ಣು ತುಂಬಿಕೊಂಡಿತು. ಕಣ್ಣೊರೆಸಿಕೊಂಡು, “ಓಗ್ಲಿ ಬಿಡು. ಅಸೂನೇ ತಗೊಳ್ಳಾನ,” ಎಂದು ಎದ್ದ.

ಗೆದ್ದ ಮರಿಯಮ್ಮ ಮಾತ್ರ ಏಳಲಿಲ್ಲ. ಸೆರಗಿನ ತುದಿ ತಿರುಚುತ್ತ ಕೂತಿದ್ದಳು.

“ಮಯೇಂದ್ರ, ಅದು ಒಬ್ಬರು ಮಲಗೋ ಮಂಚನಾ, ಇಬ್ಬರದಾ?”

“ಒಬ್ಬರದು ಅತ್ತೆ.”

“ಮೊದ್ಲು ಡೈರಿಗೆ ಆಲು ಆಕಿದ್ದು ನನ್ ದುಡ್ಡೈತೆ. ಅದನ್ನೂ ಸೇರ್ಸಿ ಇಬ್ಬರದು ತಗೋ. ಈವಯ್ಯನ್ನ ಒಬ್ಬನ್ನೇ ಅಲ್ಲಿ ಮಲಗ್ಸಕ್ಕಾಯ್ತದಾ?”