ನಮ್ಮವರ ಲ್ಯಾಪ್‌ಟಾಪು ಮತ್ತು ಭೋರದ ಮನೆತನ

೨೦೦೭ರ ಜನವರಿ, ಸೋಮವಾರ. ನಮ್ಮವರು ಲ್ಯಾಪ್‌ಟಾಪನ್ನು ನಾಲ್ಕನೆಯ ಸಲ ರಿಪೇರಿಗೆ ಒಯ್ಯಲು ಹೊರಟಿದ್ದರು. ನಾನು ರೊಟ್ಟಿ ಬಡಿಯುತ್ತಿದ್ದೆ. ಅವರು ಅದನ್ನು ಕೌದಿಯ ತುಂಡಿನಲ್ಲಿ ಸುತ್ತಿ ಕೈಚೀಲದಲ್ಲಿ ಇಟ್ಟರು.

"ನೀತಾ ಹುಟ್ಟಿದಾಗ ಇಷ್ಟು ಜ್ವಾಕಿ ಮಾಡಲಿಲ್ಲ ನೀವು," ಅಂದೆ.

"ಮಗಳು ಹಟ ಮಾಡಿದ್ರ ಬೈಬಹುದಿತ್ತು. ಇದಕ್ಕ ಬೈದ್ರ ಕೇಳಂಗಿಲ್ಲ."

ಚಪ್ಪಲಿ ಮೆಟ್ಟಿಕೊಳ್ಳುತ್ತ ಮತ್ತೆ ಹೇಳಿದರು, "ಭೋರದ ಕಡೆ ಒಂದು ಮನಿತನ ನಮ್ಮ ತ್ರಿವೇಣಿಗೆ ಹೂಂ ಅಂದದ. ವಿಳಾಸ, ಫೋನ್ ನಂಬರು ಎಲ್ಲಾ ಇದರಾಗ ಬರದೀನಿ. ಇದು ಬದುಕಿ ಬರ್ಲಿ, ಕುಸುಮಾಗ ಕೊಡತೀನಿ."

ಯಾರ ಮನೆತನ ಎಂದು ನಾನು ಕೇಳಲಿಲ್ಲ. ಹಂಚಿನ ಮೇಲೆ ರೊಟ್ಟಿ ಇತ್ತು. ಕೇಳಿದ್ದರೂ ಹೇಳುತ್ತಿರಲಿಲ್ಲ. ಎರಡೂ ಕಡೆಯವರು ಎದುರುಬದುರು ಕೂರುವ ತನಕ ಹೆಸರು ಬಾಯಿಂದ ಬರಬಾರದು, ಬಂದರೆ ಸಂಬಂಧ ಮುರಿಯುತ್ತದೆ ಎನ್ನುವುದು ಅವರ ನೇಮ. ಹೆಂಡತಿಗೂ ಹೇಳುತ್ತಿರಲಿಲ್ಲ. ಬರೆದು ಮಾತ್ರ ಇಡುತ್ತಿದ್ದರು.

ನಮ್ಮವರ ಹೆಸರು ಗೂಳಪ್ಪ. ಜಮಖಂಡಿ ಕಡೆಯವರು. ಪುಣೆಯ ಭವಾನಿ ಪೇಠೆಯಲ್ಲಿ ಒಣಮೆಣಸಿನಕಾಯಿ ಅಡತಿ ಅಂಗಡಿಯಲ್ಲಿ ಮೂವತ್ತೊಂದು ವರ್ಷ ಗುಮಾಸ್ತಿಕೆ ಮಾಡಿದರು. ಅದು ಹೊಟ್ಟೆಗೆ. ಮನಸ್ಸಿಗೆ ಮಾಡಿದ್ದು ಹೆಣ್ಣು ಗಂಡು ಕೂಡಿಸುವ ಕೆಲಸ. ಪುಣೆ, ಅದರ ಸುತ್ತಲಿನ ಶಿರೂರು, ಭೋರ ಕಡೆ ಇರುವ ನಮ್ಮ ಜನರ ಮಕ್ಕಳ ಹೆಸರು, ಓದು, ಮನೆತನ, ಎಲ್ಲ ವಹಿಗಳಲ್ಲಿ ಬರೆಯುತ್ತಿದ್ದರು. ಯಾರಿಂದಲೂ ದುಡ್ಡು ಮುಟ್ಟಲಿಲ್ಲ. ಮದುವೆಯಾದರೆ ಅವರಿಗೊಂದು ಟೋಪಿ, ನನಗೊಂದು ಕುಪ್ಪಸದ ಖಣ. ಟ್ರಂಕಿನಲ್ಲಿ ಇನ್ನೂ ಹೊಲಿಸದ ಖಣಗಳಿವೆ.

ತ್ರಿವೇಣಿ ಶಿರೂರಿನ ಹುಡುಗಿ. ಸಣ್ಣವಳಿದ್ದಾಗ ಪೋಲಿಯೋ ಆಗಿ ಎಡಗಾಲು ಸಣ್ಣಗಾಯಿತು. ವಯಸ್ಸು ಮೂವತ್ತೆರಡು. ತಾಯಿ ಕುಸುಮ ಹಿಟ್ಟಿನ ಗಿರಣಿ ನಡೆಸುತ್ತಾಳೆ. ನಮ್ಮವರು ಏಳು ವರ್ಷ ಆ ಹುಡುಗಿಗಾಗಿ ತಿರುಗಿದರು. ಬಂದವರು ಚಹಾ ಕುಡಿದು, ಕಾಲು ನೋಡಿ ಹೋಗುತ್ತಿದ್ದರು.

೨೦೦೫ರಲ್ಲಿ ಅವರು ಕೆಲಸ ಬಿಟ್ಟಾಗ ಮಾಲೀಕರು ಕೊಟ್ಟ ದುಡ್ಡಿನಲ್ಲಿ ಲ್ಯಾಪ್‌ಟಾಪು ತಂದರು. ಅಂಗಡಿಯಲ್ಲಿದ್ದ ಎಲ್ಲದಕ್ಕಿಂತ ತುಟ್ಟಿಯದು. ಎಂಬತ್ತೆರಡು ಸಾವಿರ. ಅಳಿಯ ಶಿವಪ್ರಕಾಶ ತಳೇಗಾಂವದ ಕಾರ್ಖಾನೆಯಲ್ಲಿ ಇದ್ದಾನೆ. ಅವನು ಬೇಡ ಎಂದ.

"ಮಾವಾರ, ಇದರ ಅರ್ಧಕ್ಕ ಛಲೋದು ಬರತದ್ರಿ."

"ಅರ್ಧಕ್ಕ ಬರೋದು ಅರ್ಧ ದಾರ್‍ಯಾಗ ಕೈ ಬಿಡತದ. ಇದಕ್ಕ ಮೂರು ವರ್ಷ ಗ್ಯಾರಂಟಿ ಅದ ನೋಡು."

ಹನ್ನೊಂದು ತಿಂಗಳು ಒಂದೇ ಬೆರಳಿನಿಂದ ಒಂಬತ್ತು ವಹಿ ಅದರಲ್ಲಿ ಇಳಿಸಿದರು. ಶಿವಪ್ರಕಾಶ ಕಾಗದದ ಮೇಲೂ ಒಂದು ಪ್ರತಿ ತೆಗೆಯಿರಿ ಎಂದ. "ಇಷ್ಟು ರೊಕ್ಕ ಕೊಟ್ಟು ಮತ್ತ ಕಾಗದ ಯಾಕಪಾ?" ಎಂದರು. ವಹಿಗಳಿಗೆ ಪ್ರತಿ ದೀಪಾವಳಿಗೆ ವಿಭೂತಿ ಹಚ್ಚಿ ಪೂಜೆ ಮಾಡಿದ್ದೆವು. ಪೂಜೆ ಮಾಡಿದ್ದನ್ನು ರದ್ದಿಗೆ ಹಾಕುವ ಹಾಗಿಲ್ಲ. ಆಳಂದಿಗೆ ಒಯ್ದು ಇಂದ್ರಾಯಣಿ ಹೊಳೆಗೆ ಬಿಟ್ಟರು. ನಾನೇ ಒಂದೊಂದಾಗಿ ಚೀಲದಿಂದ ತೆಗೆದು ಕೊಟ್ಟೆ.

ಆಮೇಲೆ ಅದು ಕೆಡುವುದಕ್ಕೆ ಶುರುವಾಯಿತು. ಮೊದಲು ಪರದೆಯ ಮೇಲೆ ಗೆರೆಗಳು ಬಂದವು. ಆಮೇಲೆ ತೊಡೆ ಸುಡುವಷ್ಟು ಕಾಯತೊಡಗಿತು. ಅಡಿಯಲ್ಲಿ ಮಣೆ ಇಟ್ಟುಕೊಂಡರು. ವೈರು ಕಿತ್ತರೆ ಐದು ನಿಮಿಷ ಬದುಕುತ್ತಿರಲಿಲ್ಲ. ಪ್ರತಿ ಸಲ ಎರಡು ಬಸ್ಸು ಬದಲಿಸಿ ರಿಪೇರಿ ಅಂಗಡಿಗೆ ಹೋಗಿ, ಚೀಟಿ ಹಿಡಿದು ಕೂತು ಬರುತ್ತಿದ್ದರು. ನೆರೆಮನೆಯ ಮಾರ್ತಾಂಡ ನಗುತ್ತಿದ್ದ. "ಕಾಕಾ, ಎಮ್ಮಿ ತಗೊಂಡಿದ್ರ ಹಾಲರ ಕೊಡ್ತಿತ್ತು." ಇವರು ನಗುತ್ತಿರಲಿಲ್ಲ. ತುಟ್ಟಿಯದು ಕೊಂಡು ಮೋಸ ಹೋದೆ ಎಂದು ಒಪ್ಪಿಕೊಳ್ಳುವುದು ಗಂಡಸರಿಗೆ ಕಷ್ಟ.

ಆ ಸೋಮವಾರ ಸಂಜೆ ಬರಿಗೈಲಿ ಬಂದರು. ಅಂಗಡಿಯವರು ಎಂಟು ದಿನ ಬಿಟ್ಟು ಬನ್ನಿ ಎಂದಿದ್ದರಂತೆ. ಕಾಲು ತೊಳೆದು ಉಂಡರು. ಎಣ್ಣೆಗಾಯಿ ಇನ್ನೊಂದು ಹಾಕು ಎಂದರು. ಮಂಗಳವಾರ ನಸುಕಿನಲ್ಲಿ ಎದೆ ಹಿಡಿದುಕೊಂಡು ಕೂತರು. ಆಸ್ಪತ್ರೆಗೆ ರಿಕ್ಷಾ ತರುವುದರೊಳಗೆ ಹೋದರು. ಲ್ಯಾಪ್‌ಟಾಪಿನಿಂದ ಹೋದರು ಎಂದು ನಾನು ಹೇಳುವುದಿಲ್ಲ. ಡಾಕ್ಟರು ಹೃದಯ ಎಂದರು.

ಮೂರನೆಯ ದಿನ ಮನೆಗೆ ಒಂದು ಫೋನು ಬಂತು. ನೀತಾ ಎತ್ತಿದಳು. ಯಾರೋ ಗಂಡಸು ಕನ್ನಡದಲ್ಲಿ ಗೂಳಪ್ಪನವರು ಇದ್ದಾರೇನು ಎಂದು ಕೇಳಿದನಂತೆ. ತೀರಿಕೊಂಡರು ಎಂದಳು. "ಅಯ್ಯ ಶಿವನ" ಎಂದು ಇಟ್ಟುಬಿಟ್ಟ. ಹೆಸರು ಹೇಳಲಿಲ್ಲ, ಅವಳು ಕೇಳಲಿಲ್ಲ. ಅಳುವ ಮನೆಯಲ್ಲಿ ಯಾರು ಕೇಳುತ್ತಾರೆ?

ದಿನಕಾರ್ಯ ಮುಗಿದ ಮೇಲೆ ಕುಸುಮ ಬಂದಳು. ನೆಲ ನೋಡುತ್ತ ಅಂದಳು, "ಅಕ್ಕಾರ, ಇದು ಕೇಳೋ ವ್ಯಾಳ್ಯಾ ಅಲ್ಲರಿ. ಅಣ್ಣಾವ್ರು ಒಂದು ಮನಿತನ ಅದ ಅಂದಿದ್ರು."

"ಅದರಾಗ ಬರದಾರವಾ. ತರತೀನಿ ತಡಿ," ಅಂದೆ.

ಚೀಟಿ ಹಿಡಿದು ನೀತಾಳ ಜೊತೆ ಅಂಗಡಿಗೆ ಹೋದೆ. ಹುಡುಗಿಯೊಬ್ಬಳು ಲ್ಯಾಪ್‌ಟಾಪು ತಂದು ಮೇಜಿನ ಮೇಲಿಟ್ಟು ಹಚ್ಚಿ ತೋರಿಸಿದಳು. ಚೆನ್ನಾಗಿ ಹತ್ತಿತು. ಗೆರೆ ಇರಲಿಲ್ಲ. ನೀತಾ ಒಳಗೆ ಹುಡುಕಿದಳು. ಏನೂ ಇರಲಿಲ್ಲ. ಒಂದು ಹೆಸರೂ ಇರಲಿಲ್ಲ.

ಹುಡುಗಿ ಮರಾಠಿಯಲ್ಲಿ ತಿಳಿಸಿ ಹೇಳಿದಳು. ಒಳಗಿನ ಡಿಸ್ಕು ಕೆಟ್ಟಿತ್ತು. ಗ್ಯಾರಂಟಿ ಇದ್ದುದರಿಂದ ಪುಕ್ಕಟೆ ಹೊಸದು ಹಾಕಿದ್ದಾರೆ. ಹಳೆಯದು ಕಂಪನಿಗೆ ಹೋಗಿದೆ, ಗ್ಯಾರಂಟಿಯ ನಿಯಮವೇ ಹಾಗೆ. ಬರೆದದ್ದು ಹೋದರೆ ನಮ್ಮ ಹೊಣೆಯಲ್ಲ ಎಂಬ ಕಾಗದಕ್ಕೆ ಕಾಕಾ ಸಹಿ ಹಾಕಿದ್ದಾರೆ. ಕಾಗದ ತೋರಿಸಿದಳು. ಇಂಗ್ಲಿಷಿನಲ್ಲಿತ್ತು. ಕೆಳಗೆ ನಮ್ಮವರ ಸಹಿ ಕನ್ನಡದಲ್ಲಿತ್ತು.

"ಹಳೇದು ವಾಪಸ್ ಕೊಡಸವಾ," ಎಂದು ನೀತಾಗೆ ಹೇಳಿದೆ. ಅವಳು ಮರಾಠಿಯಲ್ಲಿ ಕೇಳಿದಳು. ಅದು ಎಲ್ಲಿದೆ ಎಂದು ಅವರಿಗೂ ಗೊತ್ತಿರಲಿಲ್ಲ. ಮೂರು ಸಲ ಹೋದೆ. ನಾಲ್ಕನೆಯ ಸಲ ಹೋಗಲಿಲ್ಲ.

ಭೋರಕ್ಕೂ ಹೋದೆ. ಸಂತೆಯ ದಿನ ಕನ್ನಡದವರ ಅಂಗಡಿ ಅಂಗಡಿ ಹತ್ತಿ ಇಳಿದೆ. ಕಿರಾಣಿ ಅಂಗಡಿಯ ಧರ್ಮಣ್ಣ ಎಂಬ ಮುದುಕ ಕೂರಿಸಿ ನೀರು ಕೊಟ್ಟ.

"ನಮ್ಮ ಮನಿ ಅಲ್ಲ ತಾಯಿ. ಯಾರದರ ಇರಲಿ, ಈಗ ಮುಂದ ಬರೋದು ಕಠಿಣ. ಕೂಡಸವ್ರೇ ನಡುವ ಹೋದ್ರ ಜನಾ ಅಪಶಕುನ ಅಂತಾರ."

"ನೀವೂ ಅಂತೀರೇನ್ರಿ?"

"ನಾ ಅನ್ನಂಗಿಲ್ಲ. ಆದ್ರ ನನಗ ಗಂಡ್ಮಕ್ಕಳಿಲ್ಲ."

ಬಸ್ಸಿನಲ್ಲಿ ಬರುವಾಗ ಮೊದಲ ಸಲ ಗಂಡನ ಮೇಲೆ ಸಿಟ್ಟು ಬಂತು. ಯಂತ್ರವನ್ನು ನಂಬಿದರು. ನನ್ನನ್ನು ನಂಬಲಿಲ್ಲ. ನಾನು ಮೂರನೆಯ ಇಯತ್ತೆ ಓದಿದವಳು, ಆದರೆ ಒಂದು ಹೆಸರು ನೆನಪಿಡಲು ಅಷ್ಟು ಸಾಕಿತ್ತು.

ಕುಸುಮಾಗೆ ಇದ್ದದ್ದು ಇದ್ದ ಹಾಗೆ ಹೇಳಿದೆ. ಅವಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ತ್ರಿವೇಣಿ ಈಗ ತಾಯಿಯ ಗಿರಣಿಯಲ್ಲಿ ಕೂರುತ್ತಾಳೆ. ಎರಡು ವರ್ಷವಾಯಿತು.

ಲ್ಯಾಪ್‌ಟಾಪನ್ನು ಶಿವಪ್ರಕಾಶ ಒಯ್ದ. ಮತ್ತೆ ಕೆಟ್ಟಿದೆಯಂತೆ. ಮನೆಯ ಫೋನು ತೆಗೆಸಿಬಿಡು, ಮೊಬೈಲು ಕೊಡಿಸುತ್ತೇನೆ ಎಂದು ನೀತಾ ಹಟ ಮಾಡುತ್ತಾಳೆ. ನಾನು ತೆಗೆಸಿಲ್ಲ. ಭೋರದ ಆ ಮನೆಯವರ ಬಳಿ ಇರುವುದು ಈ ನಂಬರು. ಮಳೆಗಾಲದಲ್ಲಿ ಲೈನು ಸಾಯುತ್ತದೆ. ಆಗ ಎಕ್ಸ್‌ಚೇಂಜಿಗೆ ಹೋಗಿ ಹೇಳಿ ಬರುತ್ತೇನೆ. ಬೆಳಗ್ಗೆ ಎದ್ದು ಕಸ ಹೊಡೆದು, ಒಲೆ ಹಚ್ಚುವ ಮೊದಲು ರಿಸೀವರು ಎತ್ತಿ ಕಿವಿಗೆ ಇಟ್ಟುಕೊಳ್ಳುತ್ತೇನೆ. ಸದ್ದು ಬಂದರೆ ಸೆರಗಿನಿಂದ ಒರೆಸಿ, ಸರಿಯಾಗಿ ಕೂತಿದೆಯೇ ನೋಡಿ ಇಡುತ್ತೇನೆ.