ಗೇಟ್‌ಪಾಸಿನಲ್ಲಿ ಬರೆದ ರಕ್ತ

೨೦೨೧ರ ಏಪ್ರಿಲ್. ಕೊರೊನಾದ ಎರಡನೆಯ ಅಲೆ. ಮುಂಬಯಿ ಬಳಿಯ ಕಲ್ಯಾಣದ ಒಂದು ಆಸ್ಪತ್ರೆಯ ಬ್ಲಡ್ ಬ್ಯಾಂಕಿನಲ್ಲಿ ನಾನು ಹಿರಿಯ ಟೆಕ್ನಿಷಿಯನ್. ರಕ್ತದಾನ ಶಿಬಿರಗಳು ನಿಂತುಹೋಗಿ ನಮ್ಮ ಫ್ರಿಜ್ ಬಿಕೋ ಎನ್ನುತ್ತಿತ್ತು. ನಾನು ಮೊದಲೇ ಮುಂಗೋಪಿ. ಆ ದಿನಗಳಲ್ಲಂತೂ ಕೇಳುವುದೇ ಬೇಡ.

ಒಂದು ಬೆಳಿಗ್ಗೆ ರೇಣುಕಾ ಎಂಬ ಎಂಟು ತಿಂಗಳ ಗರ್ಭಿಣಿಯನ್ನು ಕರೆತಂದರು. ಆಕೆಯೂ ಗಂಡ ಮಲ್ಲಪ್ಪನೂ ಕಲಬುರಗಿ ಕಡೆಯವರು, ಬದಲಾಪುರದ ಕಟ್ಟಡದ ಸೈಟಿನಲ್ಲಿ ಕೂಲಿಗಳು. ಆಕೆಗೆ ಕೊರೊನಾ, ಜ್ವರ ಬಂದು ಆರು ದಿನ. ತೊಂಬತ್ತೈದರ ಮೇಲಿರಬೇಕಾದ ಆಕ್ಸಿಜನ್ ಮಟ್ಟ ಎಂಬತ್ತೆಂಟಕ್ಕೆ ಇಳಿದಿತ್ತು, ಹಿಮೋಗ್ಲೋಬಿನ್ ಬರೀ ಏಳು. ಇವತ್ತೇ ಸಿಸೇರಿಯನ್ ಮಾಡಬೇಕು, ರಕ್ತ ಸಿದ್ಧವಿರಲಿ ಎಂದರು ಡಾಕ್ಟರ್.

ನಾನು ವಿಜಯಪುರದವಳು. ಸಿಟ್ಟು ಬಂದರೆ ಊರ ಮಾತೇ ಬಾಯಿಗೆ ಬರುತ್ತದೆ. ರಕ್ತದ ಚೀಟಿ ಹಿಡಿದು ಬಂದ ಮಲ್ಲಪ್ಪನನ್ನು ಗದರಿದೆ: "ಆರು ದಿನ ಜ್ವರ ಇಟ್ಕೊಂಡು ಖೋಲಿಯೊಳಗ ಏನ್ ಮಾಡಾಕತ್ತಿದ್ರಿ?"

ಮಲ್ಲಪ್ಪ ಹೆಂಡತಿಯ ಸೈಟಿನ ಗೇಟ್‌ಪಾಸ್ ಮುಂದೆ ಹಿಡಿದ. "ಓ ಪಾಸಿಟಿವ್ ಅದ ನೋಡ್ರಿ ಅಕ್ಕಾರ. ಓ ಗ್ರೂಪಿನೋರಿಗಿ ಕೊರೊನಾ ಏನೂ ಮಾಡಲ್ಲಂತ ಮೊಬೈಲ್‌ದಾಗ ಬಂದಿತ್ರಿ."

ಓ ಪಾಸಿಟಿವ್ ಎರಡು ಯೂನಿಟ್ ಇತ್ತು. ಆದರೆ ಹೊಸ ಸ್ಯಾಂಪಲ್ ಪರೀಕ್ಷಿಸದೆ ರಕ್ತ ಕೊಡುವಂತಿಲ್ಲ. ಪರೀಕ್ಷಿಸಿದೆ: ಬಿ ನೆಗೆಟಿವ್. ಮತ್ತೊಮ್ಮೆ ಮಾಡಿದೆ, ಅದೇ ಬಂತು. ಪಾಸ್ ನಂಬಿ ಪಾಸಿಟಿವ್ ರಕ್ತ ಕೊಟ್ಟಿದ್ದರೆ ಆಕೆಯ ದೇಹ ಅದರ ಮೇಲೆ ತಿರುಗಿಬಿದ್ದು, ಮುಂದೆ ಹುಟ್ಟುವ ಮಗುವಿಗೂ ಕುತ್ತು ತರಬಹುದಿತ್ತು.

"ನಮ್ಮ ಸೈಟಿನ ಹಾಜರಿ ಬರಿಯೋ ಮುನ್ಶಿ ಬರದದ್ದು ಸುಳ್ಳೇನ್ರಿ?" ಮಲ್ಲಪ್ಪ ಕಂಗಾಲಾದ.

"ರಕ್ತ ತಗದು ನೋಡಿ ಬರದಾನೇನು?"

"ಇಲ್ರಿ. ಗ್ರೂಪ್ ಇಲ್ದೆ ಪಾಸ್ ಆಗಲ್ಲಂತ ಎಲ್ಲರಿಗೂ ಅದೇ ಬರದಾನ್ರಿ."

ಅವನ ಪಾಸಿನಲ್ಲೂ ಓ ಪಾಸಿಟಿವ್ ಎಂದೇ ಇತ್ತು. ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಆಕೆಗೆ ಹೊಂದುವ ನೆಗೆಟಿವ್ ರಕ್ತ ಫ್ರಿಜ್‌ನಲ್ಲಿ ಒಂದು ಹನಿಯೂ ಇರಲಿಲ್ಲ. ನೆಗೆಟಿವ್ ದಾನಿಗಳ ಪಟ್ಟಿ ಹಿಡಿದು ಫೋನ್ ಮಾಡುತ್ತಾ ಹೋದೆ. ಹಲವರು ಹೆದರಿದರು, ಕೆಲವರು ತಾವೇ ಜ್ವರದಲ್ಲಿದ್ದರು. ಕೊನೆಗೆ ಕಾಮೋಠೆಯ ಮರಾಠಿ ಶಾಲಾ ಮಾಸ್ತರರೊಬ್ಬರು "ಆಲೋಚ್!" ಎಂದು ಫೋನ್ ಇಟ್ಟರು. ಬಂದೇ ಬಿಟ್ಟೆ ಅಂದವರು ಸ್ಕೂಟರಿನಲ್ಲಿ ಬಂದೇ ಬಿಟ್ಟರು. ಅವರ ಕೈ ಹಿಡಿದು ನಮಸ್ಕರಿಸಬೇಕೆನ್ನಿಸಿತು. ಕೊರೊನಾ ಕಾಲ, ದೂರದಿಂದಲೇ ಕೈಮುಗಿದೆ. ಅವರ ರಕ್ತ ಪರೀಕ್ಷಿಸಿ ಆಪರೇಷನ್ ಕೋಣೆಗೆ ಕಳಿಸಿದೆ.

ಸಂಜೆ ಹೆಣ್ಣು ಮಗು ಹುಟ್ಟಿತು. ತೂಕ ಎರಡು ಕಿಲೋಗೆ ತುಸು ಕಡಿಮೆ, ಗ್ರೂಪ್ ಬಿ ಪಾಸಿಟಿವ್. ತಾಯಿ ನೆಗೆಟಿವ್, ಮಗು ಪಾಸಿಟಿವ್ ಆದಾಗ ಮುಂದಿನ ಬಸಿರನ್ನು ಕಾಯಲು ಎಪ್ಪತ್ತೆರಡು ಗಂಟೆಯೊಳಗೆ ಆಂಟಿ-ಡಿ ಎಂಬ ಇಂಜೆಕ್ಷನ್ ಕೊಡಬೇಕು. ಅದನ್ನೂ ಕೊಟ್ಟರು. ಒಂಬತ್ತನೆಯ ದಿನ ರೇಣುಕಾಳ ಆಕ್ಸಿಜನ್ ನಳಿಗೆ ತೆಗೆದರು. ನಾನು ಸ್ಟೋರ್ ರೂಮಿಗೆ ಹೋಗಿ ಅತ್ತುಬಿಟ್ಟೆ.

ಎರಡು ವರ್ಷದ ನಂತರ, ನನ್ನ ನಿವೃತ್ತಿಗೆ ಸ್ವಲ್ಪ ಮೊದಲು, ರೇಣುಕಾ ಎರಡನೆಯ ಬಸಿರಿನಲ್ಲಿ ಬಂದಳು. ಮೂರನೆಯ ತಿಂಗಳಲ್ಲೇ ಬಂದಿದ್ದಳು, ಯಾರೂ ಗದರಿಸಬೇಕಾಗಲಿಲ್ಲ. ಮಲ್ಲಪ್ಪನ ಹಿಂದೆ ಸೈಟಿನ ಏಳು ಜನ ಗ್ರೂಪ್ ಪರೀಕ್ಷೆಗೆಂದು ಅಂಗಿಯ ತೋಳು ಮಡಚಿ ನಿಂತಿದ್ದರು. ಎಲ್ಲರ ಕೊರಳಲ್ಲೂ ಅದೇ ಓ ಪಾಸಿಟಿವ್ ಪಾಸ್.

ಯಾವ ಗ್ರೂಪನ್ನೂ ನಂಬಿ ಜ್ವರವನ್ನು ಕಡೆಗಣಿಸಬಾರದು, ಪರೀಕ್ಷಿಸದೆ ಯಾವ ಚೀಟಿಯನ್ನೂ ನಂಬಬಾರದು: ಮೂವತ್ತು ವರ್ಷದ ಕೆಲಸ ನನಗೆ ಕಲಿಸಿದ್ದು ಇದು. ಅದನ್ನು ಅವರಿಗೆ ಹೇಳಲು ಬಾಯಿ ತೆರೆದೆ. ಮಲ್ಲಪ್ಪನೇ ಮೊದಲು ಹೇಳಿದ:

"ಪಾಸ್ ನೋಡಬ್ಯಾಡ್ರಿ ಅಕ್ಕಾರ, ರಕ್ತ ನೋಡ್ರಿ."