ಮೂರೂ ಹತ್ತರ ಆರ್ಲೊ
ಅದಕ್ಕೇ ಹೇಳಿದ್ದು, ಕ್ಯಾಲಿಫೋರ್ನಿಯಾದಲ್ಲಿ ರೈಫಲ್ ಕೊಳ್ಳುವುದಾದರೆ ನಮ್ಮೂರಿನ ಆರ್ಲೊ ಅಂಗಡಿಗೇ ಹೋಗಬೇಕು ಅಂತ. ಗಿರಾಕಿ ಬಾಗಿಲು ದಾಟುವ ಮೊದಲೇ ಆತ ಕನ್ನಡಕ ಏರಿಸಿಕೊಂಡು "ವಿಳಾಸದ ಪುರಾವೆ ತಂದ್ಯೇನಪ್ಪ?" ಎನ್ನುತ್ತಾನೆ. ಅರ್ಜಿಯ ಹೆಸರಿನಲ್ಲಿ ಒಂದಕ್ಷರ ಡ್ರೈವಿಂಗ್ ಲೈಸೆನ್ಸಿನಂತೆ ಇಲ್ಲದಿದ್ದರೂ ಹೊಸ ಹಾಳೆ. ಸ್ವಂತ ತಮ್ಮನ ಕೈಲೇ ಮೂರು ಸಲ ಬರೆಸಿದ್ದಾನೆ. ಕೊಂಡವರು ರೈಫಲ್ ಕೈಗೆ ಬರಲು ಹತ್ತು ದಿನ ಕಾಯಬೇಕೆಂಬ ಕಾನೂನನ್ನಂತೂ ನಿಮಿಷ ತಪ್ಪದೆ ಪಾಲಿಸುತ್ತಾನೆ. ಮಧ್ಯಾಹ್ನ ಮೂರೂ ಹತ್ತಕ್ಕೆ ಸಹಿ ಹಾಕಿದವನು ಹತ್ತನೇ ದಿನ ಮೂರಕ್ಕೇ ಬಂದರೆ, "ಇನ್ನೂ ಹತ್ತು ನಿಮಿಷ ಇದೆ, ಕಾಫಿ ಕುಡಿ" ಎಂದು ಕೂರಿಸುತ್ತಾನೆ. "ನಿನ್ನ ಗಡಿಯಾರಕ್ಕಿಷ್ಟು ಬೆಂಕಿ ಹಾಕ!" ಎಂದು ಬೈದವರೂ ಆ ಕಾಫಿ ಬಿಟ್ಟಿಲ್ಲ. ಹೋದ ವರ್ಷ ಬಡಗಿ ರಸೆಲ್, ಹೆಂಡತಿ ತೀರಿಕೊಂಡ ಮೂರನೇ ವಾರಕ್ಕೆ ಬಂದು, ಜಿಂಕೆ ಬೇಟೆಗೆಂದು ರೈಫಲ್ಲಿಗೆ ಅರ್ಜಿ ಬರೆದು ಮೂರೂ ಹತ್ತಕ್ಕೆ ಸಹಿ ಹಾಕಿದ. ಅದು ಬೇಟೆಯ ಕಾಲವೇ ಅಲ್ಲ. ಆರ್ಲೊ ದಿನಾ ಫೋನ್ ಮಾಡಿ "ಒಂದು ಸಹಿ ಬಿಟ್ಟುಹೋಗಿದೆ, ಬಾರೋ" ಎಂದು ಕರೆಸಿ ಕಾಫಿ ಕೊಟ್ಟ. ಅಷ್ಟೊಂದು ಸಹಿ ಯಾವ ಕಾನೂನಿನಲ್ಲೂ ಇಲ್ಲ. ಹತ್ತನೇ ದಿನ ಸರಿಯಾಗಿ ಮೂರೂ ಹತ್ತಕ್ಕೆ ಬಂದ ರಸೆಲ್, "ರೈಫಲ್ ಬೇಡ ಕಣೋ" ಎಂದ. "ಬೇಡ ಅನ್ನೋಕೂ ಅರ್ಜಿ ಇದೆ, ಕೂತ್ಕೊ" ಎಂದ ಆರ್ಲೊ, ಕಾಫಿ ಬಗ್ಗಿಸುತ್ತಾ. ಆ ಅರ್ಜಿ ಇನ್ನೂ ಮುಗಿದಿಲ್ಲ. ನೀವೂ ಒಮ್ಮೆ ಮೂರೂ ಹತ್ತಕ್ಕೆ ಹೋಗಿ ಮಾತಾಡಿಸಿ, ಇಬ್ಬರೂ ಸಿಗುತ್ತಾರೆ. ವಿಳಾಸದ ಪುರಾವೆ ಮಾತ್ರ ಮರೆಯಬೇಡಿ.